ಈ ಷರತ್ತು ಇಲ್ಲದಿದ್ದರೆ ಏನು ಕೆಡುತ್ತಿತ್ತು?

ಸಾಂಪ್ರದಾಯಿಕ ಕ್ರಮದಲ್ಲಿ ವ್ಯಾಕರಣ ಓದುವ ವಿದ್ಯಾರ್ಥಿಗೆ ಸೂತ್ರ ಬಾಯಿಗೆ ಬಂದರೆ ಸಾಲದು. ಅದರ ಅರ್ಥ ಹೇಳಬೇಕು, ಅದು ಎಲ್ಲಿ ಅನ್ವಯಿಸುತ್ತದೆ ಎಂಬುದಕ್ಕೆ ಉದಾಹರಣೆ ಕೊಡಬೇಕು. ಅಷ್ಟಾದ ಮೇಲೆ ಗುರುಗಳು ಸೂತ್ರದ ಒಂದೊಂದೇ ಪದವನ್ನು ಹಿಡಿದು ಕೇಳುತ್ತಾರೆ: ಈ ಪದ ಇಲ್ಲಿ ಏಕೆ? ಇದನ್ನು ತೆಗೆದುಬಿಟ್ಟರೆ ಯಾವ ರೂಪ ಕೆಡುತ್ತದೆ? ಆ ಕೆಡುವ ರೂಪವನ್ನು ಹೇಳಬಲ್ಲವನಿಗೆ ಸೂತ್ರ ತಿಳಿದಿದೆ ಎಂದು ಲೆಕ್ಕ. ಪಾಣಿನಿಯ ಅಷ್ಟಾಧ್ಯಾಯಿಗೆ ಏಳನೇ ಶತಮಾನದಲ್ಲಿ ಜಯಾದಿತ್ಯ ಮತ್ತು ವಾಮನರು ಬರೆದ ಕಾಶಿಕಾವೃತ್ತಿ ಸಾಗುವುದೇ ಈ ಕ್ರಮದಲ್ಲಿ. ಮೊದಲು ಸೂತ್ರದ ಅರ್ಥ, ಆಮೇಲೆ ಉದಾಹರಣೆ, ಆಮೇಲೆ ಪದಪದಕ್ಕೂ ಪ್ರತ್ಯುದಾಹರಣೆ.

ನಮ್ಮ ಹೈಸ್ಕೂಲಿನಲ್ಲೇ ಬರುವ ಸವರ್ಣದೀರ್ಘ ಸಂಧಿಯನ್ನು ನೋಡಿ. ಗಿರಿ ಮತ್ತು ಈಶ ಸೇರಿ ಗಿರೀಶ, ವಿದ್ಯಾ ಮತ್ತು ಅಭ್ಯಾಸ ಸೇರಿ ವಿದ್ಯಾಭ್ಯಾಸ. ಇಷ್ಟಕ್ಕೆ ನಾವು ಪಾಠ ಮುಗಿಸುತ್ತೇವೆ. ಕಾಶಿಕಾಕಾರರು ಮುಗಿಸುವುದಿಲ್ಲ. 'ಸವರ್ಣ' ಎಂಬ ಷರತ್ತು ಏಕೆ ಬೇಕು? ಅದಿಲ್ಲದಿದ್ದರೆ ದಧಿ ಮತ್ತು ಅತ್ರ ಸೇರಿ ದಧ್ಯತ್ರ ಆಗಬೇಕಾದ ಕಡೆಯಲ್ಲೂ ಈ ಸೂತ್ರ ನುಗ್ಗಿ ಇ, ಅ ಎರಡನ್ನೂ ನುಂಗಿ ದೀರ್ಘ ಮಾಡುತ್ತಿತ್ತು. ಮುಂದೆ ಬರುವುದು ಸ್ವರವೇ ಆಗಿರಬೇಕು ಎಂಬ ಷರತ್ತು ಏಕೆ? 'ಕುಮಾರೀ ಶೇತೇ' ಎಂಬಲ್ಲಿ ಈ ಮತ್ತು ಶ ಎರಡೂ ತಾಲವ್ಯ. ಷರತ್ತು ಇಲ್ಲದಿದ್ದರೆ ಅವೆರಡೂ ಸೇರಿಕೊಳ್ಳುವ ಅಪಾಯವಿತ್ತು. ಸ್ವರದ ಈ ಷರತ್ತು ಸೂತ್ರದಲ್ಲಿ ಬರೆದೇ ಇಲ್ಲ, ಹಿಂದಿನ ಸೂತ್ರವೊಂದರಿಂದ ಹರಿದುಬಂದಿದೆ. ಕಣ್ಣಿಗೆ ಕಾಣದ ಷರತ್ತನ್ನೂ ವೃತ್ತಿಕಾರರು ಪರೀಕ್ಷೆಗೆ ಒಡ್ಡಿದ್ದಾರೆ.

ಸಾಫ್ಟ್‌ವೇರ್ ಬರೆಯುವವರು ಯೂನಿಟ್ ಟೆಸ್ಟ್ ಎನ್ನುವುದು ಬಹುಮಟ್ಟಿಗೆ ಇದನ್ನೇ. ಪ್ರೋಗ್ರಾಮಿನ ಒಂದು ಚಿಕ್ಕ ತುಂಡನ್ನು, ಸಾಮಾನ್ಯವಾಗಿ ಒಂದು ಫಂಕ್ಷನ್ನನ್ನು, ಉಳಿದೆಲ್ಲದರಿಂದ ಬಿಡಿಸಿಟ್ಟುಕೊಂಡು, ಅದಕ್ಕೆ ಇದನ್ನು ಕೊಟ್ಟರೆ ಇದು ಬರಬೇಕು ಎಂದು ಬರೆದಿಡುತ್ತೇವೆ. ಬಂದದ್ದೂ ಬರಬೇಕಾದದ್ದೂ ಒಂದೇ ಆದರೆ ಟೆಸ್ಟ್ ಪಾಸು, ಇಲ್ಲದಿದ್ದರೆ ಫೇಲು. ಹೊಸದಾಗಿ ಕಲಿಯುವ ಬಹಳಷ್ಟು ಮಂದಿ ಉದಾಹರಣೆಗಳ ಹತ್ತಿರ ನಿಂತುಬಿಡುತ್ತಾರೆ. ನನ್ನ ಪ್ರಕಾರ ಯೂನಿಟ್ ಟೆಸ್ಟಿನ ಬೆಲೆ ಇರುವುದು ಪ್ರತ್ಯುದಾಹರಣೆಯಲ್ಲಿ. ಕೋಡಿನಲ್ಲಿ ಒಂದು ಷರತ್ತು ಇದೆ ಎಂದರೆ, ಆ ಷರತ್ತನ್ನು ಅಳಿಸಿದ ಕೂಡಲೇ ಫೇಲಾಗುವ ಒಂದು ಟೆಸ್ಟಾದರೂ ಇರಬೇಕು. ಈ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಮಾತು ಇದೊಂದೇ.

ವ್ಯಾಕರಣದಿಂದ ಶುರುಮಾಡಿದ್ದಕ್ಕೆ ಮಂಡ್ಯ ಜಿಲ್ಲೆಯ ಮೇಲುಕೋಟೆಯೇ ಕಾರಣ. 1970ರ ದಶಕದಲ್ಲಿ ಇಲ್ಲಿ ಹುಟ್ಟಿದ ಸಂಸ್ಕೃತ ಸಂಶೋಧನಾ ಸಂಸತ್ತು, ಸ್ಥಾಪಕ ನಿರ್ದೇಶಕ ಎಂ. ಎ. ಲಕ್ಷ್ಮೀತಾತಾಚಾರ್ಯರ ಮುಂದಾಳತ್ವದಲ್ಲಿ ಹಸ್ತಪ್ರತಿಗಳ ಸಂಗ್ರಹ, ವಿಶಿಷ್ಟಾದ್ವೈತ ಗ್ರಂಥಗಳ ಸಂಶೋಧನೆಯ ಜೊತೆಜೊತೆಗೇ ಶಾಬ್ದಬೋಧವನ್ನು ಕಂಪ್ಯೂಟರಿಗೆ ಕಲಿಸುವ ಕೆಲಸಕ್ಕೂ ಕೈಹಾಕಿತು. ವಾಕ್ಯವೊಂದನ್ನು ಕೇಳಿದವನ ಮನಸ್ಸಿನಲ್ಲಿ ಅರ್ಥ ಹೇಗೆ ಮೂಡುತ್ತದೆ ಎಂಬ ಶಾಸ್ತ್ರ ಅದು. 1985ರಲ್ಲಿ ಅಮೆರಿಕದ ರಿಕ್ ಬ್ರಿಗ್ಸ್ 'ಎಐ ಮ್ಯಾಗಜೀನ್'ನಲ್ಲಿ ಇದೇ ಶಾಸ್ತ್ರವನ್ನು ಕೃತಕ ಬುದ್ಧಿಮತ್ತೆಯ ಜ್ಞಾನ ನಿರೂಪಣೆಯ ಜೊತೆ ಹೋಲಿಸಿ ಲೇಖನ ಬರೆದರು. ಮರುವರ್ಷ ಡಿಸೆಂಬರಿನಲ್ಲಿ ಆ ವಿಷಯದ ಮೇಲೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಆಮೇಲೆ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ ಪಿ. ರಾಮಾನುಜನ್ 'ದೇಶಿಕ' ಎಂಬ ಸಂಸ್ಕೃತ ವಿಶ್ಲೇಷಣೆಯ ತಂತ್ರಾಂಶ ರೂಪಿಸಿದರು. ಬ್ರಿಗ್ಸ್ ಬರೆದದ್ದು ಅರ್ಥವನ್ನು ಹಿಡಿದಿಡುವ ಬಗೆಯ ಬಗ್ಗೆ. ಅದು ಜನರ ಬಾಯಲ್ಲಿ 'ಸಂಸ್ಕೃತವೇ ಕಂಪ್ಯೂಟರಿಗೆ ಅತ್ಯುತ್ತಮ ಭಾಷೆ' ಎಂದು ತಿರುಗಿಕೊಂಡಿತು. ಅವರು ಅಂಥ ಮಾತು ಹೇಳಿಲ್ಲ, ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಬೇಕೆಂದೂ ಸೂಚಿಸಿಲ್ಲ. ವೈಯಾಕರಣರಿಂದ ಪ್ರೋಗ್ರಾಮರುಗಳು ನಿಜವಾಗಿ ಕಲಿಯಬೇಕಾದದ್ದು ಭಾಷೆಯನ್ನಲ್ಲ, ನಿಯಮವನ್ನು ಪರೀಕ್ಷಿಸುವ ಅವರ ಶಿಸ್ತನ್ನು.

ಇನ್ನು ಕೆಲಸಕ್ಕೆ ಇಳಿಯೋಣ. ಊರಿನ ಹೆಸರನ್ನು ಕೊಟ್ಟರೆ ಅದರ ಸಪ್ತಮಿ ರೂಪವನ್ನು ಕೊಡುವ ಫಂಕ್ಷನ್ ಬೇಕು. ಆಹ್ವಾನ ಪತ್ರಿಕೆ, ಬಸ್ಸಿನ ಪ್ರಕಟಣೆ, ಸರ್ಕಾರಿ ನಮೂನೆ, ಎಲ್ಲ ಕಡೆಯೂ ಇದು ಬೇಕಾಗುತ್ತದೆ. ಇಲ್ಲದೆಹೋದಾಗಲೇ 'ಮೇಲುಕೋಟೆ ಅಲ್ಲಿ', 'ಮಂಡ್ಯ ನಲ್ಲಿ' ಎಂಬ ಅಡ್ಡಾದಿಡ್ಡಿ ಕನ್ನಡ ತೆರೆಯ ಮೇಲೆ ಬರುವುದು. ಕೆಲಸ ಸಣ್ಣದು ಅನ್ನಿಸುತ್ತದೆ. ಅವಸರದಲ್ಲಿ ಬರೆದರೆ ಸುಮಾರು ಹೀಗಿರುತ್ತದೆ:

ಎಫ್(ಎಕ್ಸ್):
  ಟಿ = ಎಕ್ಸ್‌ನ ಕೊನೆಯ ಸಂಕೇತ
  ಟಿ 3265 ಆದರೆ: ಎಕ್ಸ್‌ನಿಂದ ಟಿ ತೆಗೆದು "ಿನಲ್ಲಿ" ಸೇರಿಸು
  ಟಿ 3263, 3264, 3270, 3271, 3272 ಇವುಗಳಲ್ಲೊಂದಾದರೆ: ಎಕ್ಸ್‌ಗೆ "ಯಲ್ಲಿ" ಸೇರಿಸು
  ಇಲ್ಲವಾದರೆ: ಎಕ್ಸ್‌ಗೆ "ದಲ್ಲಿ" ಸೇರಿಸು

ಇದು ಕೆಲಸ ಮಾಡುತ್ತದೆ. ಆದರೆ ಓದಲು ಬರುವುದಿಲ್ಲ. 3265 ಎಂದರೆ ಯೂನಿಕೋಡ್‌ನಲ್ಲಿ ಉಕಾರದ ಚಿಹ್ನೆ. ಕನ್ನಡಕ್ಕೆ ಮೀಸಲಾದ 3200ರಿಂದ 3327ರವರೆಗಿನ 128 ಸ್ಥಾನಗಳಲ್ಲಿ ಅದೊಂದು. ಬರೆದವರಿಗೆ ಬರೆದ ದಿನ ಇದು ಗೊತ್ತಿರುತ್ತದೆ. ಆರು ತಿಂಗಳಾದ ಮೇಲೆ ಅವರಿಗೇ ಗೊತ್ತಿರುವುದಿಲ್ಲ, ಅವರ ಜಾಗಕ್ಕೆ ಬಂದವರಿಗಂತೂ ಮೊದಲಿನಿಂದಲೂ ಗೊತ್ತಿರುವುದಿಲ್ಲ. 'ಎಫ್' ಏನು ಮಾಡುತ್ತದೆ ಎಂದು ತಿಳಿಯಲು ಅದರ ಒಳಹೊಕ್ಕು ಓದಲೇಬೇಕು. ಸಾಲಿನ ಪಕ್ಕ '3265 ಅಂದರೆ ಉಕಾರ' ಎಂದು ಟಿಪ್ಪಣಿ ಬರೆಯಬಹುದು, ಆದರೆ ಅಂಕಿಯ ಜಾಗದಲ್ಲಿ ಹೆಸರನ್ನೇ ಇಟ್ಟರೆ ಟಿಪ್ಪಣಿಯೇ ಬೇಡ. ಕೋಡ್ ಬದಲಾದಾಗ ಟಿಪ್ಪಣಿ ಹಾಗೇ ಉಳಿದು ಸುಳ್ಳು ಹೇಳತೊಡಗುತ್ತದೆ. ಹೆಸರು ಕೋಡಿನ ಜೊತೆಗೇ ಇರುತ್ತದೆ.

ಸಪ್ತಮಿ(ಊರು):
  ಹೆಸರು = ಶುದ್ಧಗೊಳಿಸು(ಊರು)
  ಉಕಾರಾಂತ(ಹೆಸರು) ಆದರೆ: ಉಕಾರ_ಬಿಡಿಸು(ಹೆಸರು) + "ಿನಲ್ಲಿ"
  ಯಕಾರಾಗಮ_ಬೇಕು(ಹೆಸರು) ಆದರೆ: ಹೆಸರು + "ಯಲ್ಲಿ"
  ಇಲ್ಲವಾದರೆ: ಹೆಸರು + "ದಲ್ಲಿ"

ಈಗ ಕನ್ನಡ ಮೇಷ್ಟ್ರೊಬ್ಬರು ಕಂಪ್ಯೂಟರ್ ಗೊತ್ತಿಲ್ಲದೆಯೂ ಇದನ್ನು ಓದಿ, ಸರಿ ತಪ್ಪು ಹೇಳಬಲ್ಲರು. ಪೈಥಾನ್ ಭಾಷೆಯಲ್ಲಿ 2008ರ ಮೂರನೇ ಆವೃತ್ತಿಯಿಂದ ವೇರಿಯಬಲ್, ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಭಾಷೆಯ ಮೀಸಲು ಪದಗಳು ಮಾತ್ರ ಇಂಗ್ಲಿಷಿನವೇ. ತಂಡದಲ್ಲಿ ಎಲ್ಲರೂ ಕನ್ನಡ ಬಲ್ಲವರಾಗಿದ್ದು, ಕೆಲಸವೂ ಕನ್ನಡ ವ್ಯಾಕರಣದ್ದೇ ಆಗಿದ್ದರೆ ಹೀಗೆ ಬರೆಯುವುದೇ ಮೇಲು ಎಂದು ನಾನು ನಂಬುತ್ತೇನೆ. 'ಯಕಾರಾಗಮ'ವನ್ನು ಇಂಗ್ಲಿಷಿಗೆ ಎಳೆದು ತಂದು ಹೆಸರಿಡುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಚುಟುಕಾಗಿ ಬರೆದದ್ದೇ ಒಳ್ಳೆಯ ಕೋಡ್ ಎಂಬ ನಂಬಿಕೆ ನಮ್ಮ ಎಂಜಿನಿಯರುಗಳಲ್ಲಿ ಬಲವಾಗಿದೆ, ಅದಕ್ಕೆ ಪಾಣಿನಿಯನ್ನು ಸಾಕ್ಷಿ ಕರೆಯುವವರೂ ಇದ್ದಾರೆ. ಸುಮಾರು 4000 ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಹಿಡಿದಿಟ್ಟದ್ದು ಅಸಾಧಾರಣ ಸಾಧನೆ, ಸಂದೇಹವಿಲ್ಲ. ಆದರೆ ಆ ಸಂಕ್ಷಿಪ್ತತೆ ಬಾಯಿಪಾಠಕ್ಕಾಗಿ ಕಟ್ಟಿದ್ದು. ಪರಂಪರೆ ಸೂತ್ರವನ್ನು ಒಂಟಿಯಾಗಿ ಎಂದೂ ಕೈದಾಟಿಸಲಿಲ್ಲ, ಜೊತೆಗೆ ವೃತ್ತಿ ಇತ್ತು, ವಾರ್ತಿಕ ಇತ್ತು, ಭಾಷ್ಯ ಇತ್ತು. ಹದಿಮೂರನೇ ಶತಮಾನದ ನಮ್ಮ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಸೂತ್ರದ ಬೆನ್ನಿಗೇ ವೃತ್ತಿಯನ್ನೂ, ಹಿಂದಿನ ಕವಿಗಳಿಂದ ಆಯ್ದ ಪ್ರಯೋಗಗಳನ್ನೂ ಇಟ್ಟ. ಹಾರ್ಡ್‌ಡಿಸ್ಕಿಗೆ ನೆನಪಿನ ಭಾರವಿಲ್ಲ. ನಾಲ್ಕು ಸಾಲಿನ ಕೆಲಸವನ್ನು ಒಂದು ಸಾಲಿಗೆ ಹಿಂಡುವುದರಿಂದ ಯಂತ್ರಕ್ಕೆ ಲಾಭವಿಲ್ಲ, ಓದುಗನಿಗೆ ನಷ್ಟವಿದೆ.

ಈಗ ಟೆಸ್ಟುಗಳು. ಮೇಲುಕೋಟೆಯ ಸುತ್ತಲಿನ ಊರುಗಳೇ ಸಾಕು:

ಸಪ್ತಮಿ("ಮೇಲುಕೋಟೆ") = "ಮೇಲುಕೋಟೆಯಲ್ಲಿ"
ಸಪ್ತಮಿ("ಚಿನಕುರಳಿ") = "ಚಿನಕುರಳಿಯಲ್ಲಿ"
ಸಪ್ತಮಿ("ನಾಗಮಂಗಲ") = "ನಾಗಮಂಗಲದಲ್ಲಿ"
ಸಪ್ತಮಿ("ತೊಣ್ಣೂರು") = "ತೊಣ್ಣೂರಿನಲ್ಲಿ"

ನಾಲ್ಕೂ ಪಾಸು. ಹುಮ್ಮಸ್ಸಿನಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯ, ಹಾಸನ ಎಂದು ಸೇರಿಸುತ್ತಾ ಹೋಗಬಹುದು. ಅವೆಲ್ಲ ಅಕಾರಾಂತ, ನಾಗಮಂಗಲ ಹೇಳಿದ್ದನ್ನೇ ಹೇಳುತ್ತವೆ. ಟೆಸ್ಟುಗಳ ಸಂಖ್ಯೆ ಏರುತ್ತದೆ, ತಿಳಿವಳಿಕೆ ಏರುವುದಿಲ್ಲ. ಅದರ ಬದಲು ವೃತ್ತಿಕಾರರ ಪ್ರಶ್ನೆ ಕೇಳಿ. ಉಕಾರದ ಸಾಲನ್ನು ಅಳಿಸಿ ಟೆಸ್ಟುಗಳನ್ನು ಓಡಿಸಿ: 'ತೊಣ್ಣೂರುದಲ್ಲಿ' ಎಂದು ಬಂದು ನಾಲ್ಕನೆಯದು ಫೇಲಾಗುತ್ತದೆ. ಆ ಷರತ್ತಿಗೆ ಕಾವಲಿದೆ. ಯಕಾರಾಗಮದ ಪಟ್ಟಿಯಿಂದ ಎಕಾರ ತೆಗೆದರೆ ಮೇಲುಕೋಟೆ ಕೆಡುತ್ತದೆ, ಇಕಾರ ತೆಗೆದರೆ ಚಿನಕುರಳಿ ಕೆಡುತ್ತದೆ. ಐಕಾರ ತೆಗೆಯಿರಿ. ನಾಲ್ಕೂ ಪಾಸಾಗಿಯೇ ಉಳಿಯುತ್ತವೆ. ಅಂದರೆ ಒಂದೋ ಐಕಾರ ಆ ಪಟ್ಟಿಯಲ್ಲಿ ಬೇಡ, ಇಲ್ಲವೇ ಒಂದು ಟೆಸ್ಟ್ ಕಡಿಮೆಯಿದೆ.

ಐಕಾರಾಂತ ಊರು ಹುಡುಕಿದರೆ ಚೆನ್ನೈ ಸಿಗುತ್ತದೆ. ಸಪ್ತಮಿ("ಚೆನ್ನೈ") ಎಂದರೆ ಏನು ಬರಬೇಕು? 'ಚೆನ್ನೈಯಲ್ಲಿ' ಎಂದು ನಮ್ಮ ಕೋಡ್ ಹೇಳುತ್ತದೆ. 'ಚೆನ್ನೈನಲ್ಲಿ' ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಎರಡೂ ಬಳಕೆಯಲ್ಲಿವೆ. ಇದನ್ನು ಪ್ರೋಗ್ರಾಮರ್ ತಾನೇ ತೀರ್ಮಾನಿಸಬಾರದು, ಯಾರಿಗಾಗಿ ಬರೆಯುತ್ತಿದ್ದಾರೋ ಅವರನ್ನು ಕೇಳಬೇಕು. ಕೇಳಿ ಬಂದ ಉತ್ತರವನ್ನು ಟೆಸ್ಟಾಗಿ ಬರೆದಿಟ್ಟರೆ ಆ ತೀರ್ಮಾನಕ್ಕೆ ದಾಖಲೆಯಾಗುತ್ತದೆ. ನಾಳೆ ಹೊಸಬರು ಬಂದು 'ಇದು ತಪ್ಪು' ಎಂದು ಬದಲಾಯಿಸ ಹೊರಟರೆ ಟೆಸ್ಟ್ ಫೇಲಾಗಿ, ಇಲ್ಲೊಂದು ಮಾತುಕತೆ ನಡೆದಿತ್ತು ಎಂದು ತಿಳಿಸುತ್ತದೆ. ಟೆಸ್ಟ್ ಬರೆಯುವ ಹೊತ್ತಿಗೆ ಇಂಥ ಪ್ರಶ್ನೆಗಳು ಏಳುವುದೇ ಅದರ ಅರ್ಧ ಪ್ರಯೋಜನ.

ಷರತ್ತನ್ನು ಬೇಕೆಂದೇ ಕೆಡಿಸಿ ಟೆಸ್ಟುಗಳು ಹಿಡಿಯುತ್ತವೆಯೇ ಎಂದು ನೋಡುವ ಈ ಪದ್ಧತಿಗೆ ಸಾಫ್ಟ್‌ವೇರ್ ಶಾಸ್ತ್ರದಲ್ಲಿ ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. ರಿಚರ್ಡ್ ಲಿಪ್ಟನ್ ವಿದ್ಯಾರ್ಥಿಯಾಗಿದ್ದಾಗ 1971ರಲ್ಲಿ ಇದನ್ನು ಮೊದಲು ಸೂಚಿಸಿದರು. 1978ರಲ್ಲಿ ಡಿಮಿಲೊ, ಲಿಪ್ಟನ್, ಸೇವರ್ಡ್ ಮೂವರೂ ಸೇರಿ ಬರೆದ ಪ್ರಬಂಧದಿಂದ ಅದು ಹರಡಿತು. ಇವತ್ತು ಇದಕ್ಕೇ ಸಾಧನಗಳಿವೆ. ಕೋಡಿನಲ್ಲಿರುವ 'ಹೆಚ್ಚು' ಎಂಬುದನ್ನು 'ಹೆಚ್ಚು ಅಥವಾ ಸಮ' ಎಂದು ಬದಲಿಸಿ, ಕೂಡುವುದನ್ನು ಕಳೆಯುವುದಾಗಿ ಮಾಡಿ, ಒಂದು ಸಾಲನ್ನೇ ಕಿತ್ತುಹಾಕಿ, ಪ್ರತಿ ಸಲವೂ ಟೆಸ್ಟುಗಳನ್ನು ಓಡಿಸಿ ನೋಡುತ್ತವೆ. ಕೆಟ್ಟ ಕೋಡಿಗೂ ಎಲ್ಲ ಟೆಸ್ಟ್ ಪಾಸಾದರೆ ನಿಮಗೆ ವರದಿ ಕೊಡುತ್ತವೆ. ಸಾಧನ ಇಲ್ಲದಿದ್ದರೂ ಕೈಯಿಂದಲೇ ಮಾಡಬಹುದು, ಮೇಲೆ ನಾವು ಮಾಡಿದ ಹಾಗೆ.

ಈಗ ಉಕಾರಾಂತವಾದ ಇನ್ನೊಂದು ಊರು ಕೊಡೋಣ: ಜಮ್ಮು. ಫಂಕ್ಷನ್ 'ಜಮ್ಮಿನಲ್ಲಿ' ಎನ್ನುತ್ತದೆ. ಕನ್ನಡಿಗರ ಕಿವಿಗೆ ಇದು ತಪ್ಪು, 'ಜಮ್ಮುವಿನಲ್ಲಿ' ಆಗಬೇಕು. ಬಗ್ ಸಿಕ್ಕಾಗ ಕೈ ತಕ್ಷಣ ಕೋಡಿನತ್ತ ಹೋಗುತ್ತದೆ. ಹೋಗಬಾರದು. ಮೊದಲು ಸಪ್ತಮಿ("ಜಮ್ಮು") = "ಜಮ್ಮುವಿನಲ್ಲಿ" ಎಂಬ ಟೆಸ್ಟ್ ಬರೆದು, ಅದು ಫೇಲಾಗುವುದನ್ನು ಕಣ್ಣಾರೆ ನೋಡಬೇಕು. ಫೇಲಾಗದ ಟೆಸ್ಟನ್ನು ನಂಬಲು ಕಾರಣವಿಲ್ಲ. ಅದು ಓಡಿಯೇ ಇಲ್ಲದಿರಬಹುದು, ಬೇರೇನನ್ನೋ ಹೋಲಿಸುತ್ತಿರಬಹುದು. ಫೇಲಾಯಿತು ಎಂದ ಮೇಲೆ ಸರಿಪಡಿಸುವುದು. ಇಲ್ಲಿ ವಿಷಯ ರಸವತ್ತಾಗುತ್ತದೆ. ತಲಕಾಡಿನ ಉಕಾರ ಬಿದ್ದುಹೋಗುತ್ತದೆ, ಜಮ್ಮುವಿನದು ಉಳಿಯುತ್ತದೆ, ಏಕೆ? ದೀರ್ಘ, ಒತ್ತಕ್ಷರಗಳ ಲೆಕ್ಕದಿಂದ ಬಿಡಿಸೋಣವೆಂದರೆ ಹಣ್ಣು ಅಡ್ಡ ಬರುತ್ತದೆ: ಜಮ್ಮುವಿನದೇ ಆಕಾರ, ಆದರೆ 'ಹಣ್ಣಿನಲ್ಲಿ'. ಹಸು, ಮಗು, ಗುರು, ವಸ್ತು ಇವು ಉಕಾರ ಉಳಿಸಿಕೊಂಡು ವಕಾರ ತರುತ್ತವೆ. ಊರು, ಕಾಡು, ಕಣ್ಣು ಬಿಟ್ಟುಕೊಡುತ್ತವೆ. ಹೊರಗಿನಿಂದ ಬಂದ ಊರ ಹೆಸರುಗಳಲ್ಲಿ ಉಕಾರ ಹೆಸರಿನದೇ ಭಾಗವಾದ್ದರಿಂದ ಉಳಿಯುತ್ತದೆ, ಇದನ್ನು ಅಕ್ಷರ ನೋಡಿ ಕಂಡುಹಿಡಿಯುವ ದಾರಿ ಕಂಪ್ಯೂಟರಿಗಿಲ್ಲ.

ಆದ್ದರಿಂದ ಪಟ್ಟಿಯೇ ಗತಿ. 'ಜಮ್ಮು ಆದರೆ, ಪೆರು ಆದರೆ, ಕುಲು ಆದರೆ' ಎಂದು ಫಂಕ್ಷನ್ನಿನೊಳಗೆ ಒಂದರ ಮೇಲೊಂದು ಷರತ್ತು ಪೇರಿಸುವುದು ಕೋಡ್ ಕೊಳೆಯುವ ಮೊದಲ ಹೆಜ್ಜೆ. ಪಾಣಿನಿ ಇದೇ ಸಮಸ್ಯೆಗೆ ಕಂಡುಕೊಂಡ ಉಪಾಯ ಗಣಪಾಠ. ಒಂದು ನಿಯಮ ಇಂತಿಷ್ಟು ಶಬ್ದಗಳಿಗೆ ಮಾತ್ರ ಅನ್ವಯಿಸುವುದಾದರೆ ಸೂತ್ರದಲ್ಲಿ 'ಸರ್ವ ಮುಂತಾದವು' ಎಂಬಷ್ಟೇ ಸೂಚನೆ ಇರುತ್ತದೆ, ಪೂರ್ತಿ ಪಟ್ಟಿ ಬೇರೆ ಗ್ರಂಥದಲ್ಲಿ. ನಿಯಮ ಒಂದು ಕಡೆ, ದತ್ತಾಂಶ ಇನ್ನೊಂದು ಕಡೆ. ನಮ್ಮಲ್ಲೂ 'ಉಕಾರ_ಉಳಿಸುವ_ಊರುಗಳು' ಎಂಬ ಪಟ್ಟಿಯನ್ನು ಬೇರೆ ಕಡತದಲ್ಲಿಟ್ಟು, ಫಂಕ್ಷನ್ನಿನಲ್ಲಿ ಒಂದೇ ಸಾಲು ಬರೆದರೆ ಆಯಿತು: ಹೆಸರು ಆ ಪಟ್ಟಿಯಲ್ಲಿದ್ದರೆ 'ವಿನಲ್ಲಿ' ಸೇರಿಸು. ಈ ಸಾಲು ಉಕಾರದ ಸಾಮಾನ್ಯ ಸಾಲಿಗಿಂತ ಮೇಲೆ ಇರಬೇಕು, ಅಪವಾದ ಉತ್ಸರ್ಗಕ್ಕಿಂತ, ಅಂದರೆ ಸಾಮಾನ್ಯ ನಿಯಮಕ್ಕಿಂತ, ಬಲಶಾಲಿ. ಎರಡೂ ಸಾಲುಗಳನ್ನು ಅದಲು ಬದಲು ಮಾಡಿದರೆ ಜಮ್ಮುವಿನ ಟೆಸ್ಟ್ ಫೇಲಾಗುತ್ತದೆ. ಕ್ರಮಕ್ಕೂ ಕಾವಲು ಸಿಕ್ಕಿತು.

ಇನ್ನು 'ಶುದ್ಧಗೊಳಿಸು'. ಅದೇನು ಶುದ್ಧಗೊಳಿಸುತ್ತದೆ ಎಂದು ಹೆಸರು ಹೇಳುವುದಿಲ್ಲ, ಹಾಗಾಗಿ ಅದು ಒಳ್ಳೆಯ ಹೆಸರಲ್ಲ. ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ.

ಒಂದನೆಯದು ಸೊನ್ನೆಯ ಸಮಸ್ಯೆ. ಕನ್ನಡ ಟೈಪು ಮಾಡುವ ಅನೇಕರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆಯನ್ನು ಒತ್ತುತ್ತಾರೆ. ಮಂಡ್ಯ, ಮ೦ಡ್ಯ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್‌ನಲ್ಲಿ ಅನುಸ್ವಾರ 3202, ಸೊನ್ನೆ 3302. ಹುಡುಕಿದರೆ ಎರಡನೆಯ ಮಂಡ್ಯ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಿದರೆ ಬೇರೆಲ್ಲೋ ಹೋಗಿ ಕೂರುತ್ತದೆ. ಪರಿಹಾರ ಸುಲಭ ಅನ್ನಿಸುತ್ತದೆ: ಸೊನ್ನೆ ಕಂಡಲ್ಲೆಲ್ಲ ಅನುಸ್ವಾರ ಹಾಕು. 'ಮ೦ಡ್ಯ' ಕೊಟ್ಟರೆ 'ಮಂಡ್ಯ' ಬರುತ್ತದೆ, ಟೆಸ್ಟ್ ಪಾಸು. ಈಗ ಪ್ರತ್ಯುದಾಹರಣೆ: '೧೦ನೇ ವಾರ್ಡ್'. ಅದು '೧ಂನೇ ವಾರ್ಡ್' ಆಗಿಬಿಡುತ್ತದೆ. ಹಾಗಾಗಿ ಸೊನ್ನೆಯ ಹಿಂದೆ ಅಕ್ಷರ ಅಥವಾ ಸ್ವರಚಿಹ್ನೆ ಇದ್ದರೆ ಮಾತ್ರ ಎಂಬ ಷರತ್ತು. ಆಗ 'ವಾರ್ಡ್ ೦೫' ಕೂಡ ಉಳಿಯಿತು, ಹಿಂದಿರುವುದು ಖಾಲಿ ಜಾಗ. ಯಾರೋ ಖಾಲಿ ಜಾಗ ಬಿಡದೆ 'ಸಂಖ್ಯೆ೦೫' ಎಂದು ಟೈಪಿಸಿದ್ದರೆ? ಹಿಂದೆ ಸ್ವರಚಿಹ್ನೆ ಇದೆ, ಆದರೂ ಅದು ಅಂಕಿಯೇ. ಸೊನ್ನೆಯ ಮುಂದೆ ಇನ್ನೊಂದು ಅಂಕಿ ಇರಬಾರದು ಎಂಬ ಎರಡನೇ ಷರತ್ತು ಬೇಕಾಯಿತು. ಎರಡು ಷರತ್ತು, ಒಂದೊಂದಕ್ಕೂ ಒಂದೊಂದು ಪ್ರತ್ಯುದಾಹರಣೆ. 'ಸೊನ್ನೆಯನ್ನು_ಅನುಸ್ವಾರ_ಮಾಡು' ಎಂಬ ಫಂಕ್ಷನ್ ಪೂರ್ತಿ ಇಷ್ಟೇ. ಷರತ್ತುಗಳನ್ನು ಮೊದಲೇ ಯೋಚಿಸಿ ಬರೆದದ್ದಲ್ಲ, ಟೆಸ್ಟುಗಳೇ ಒಂದೊಂದಾಗಿ ಹೇಳಿ ಬರೆಸಿದ್ದು.

ಎರಡನೆಯ ಸಮಸ್ಯೆ ಇನ್ನೂ ಆಳದ್ದು. 'ಮೇಲುಕೋಟೆ' ಎಂಬ ಹೆಸರಿನ ಉದ್ದ ಎಷ್ಟು? ನಾವು ನಾಲ್ಕು ಅಕ್ಷರ ಎನ್ನುತ್ತೇವೆ. ಪೈಥಾನ್ ಎಂಟು ಎನ್ನುತ್ತದೆ, ಏಕೆಂದರೆ ಅದು ಮ, ಏತ್ವ, ಲ, ಉಕಾರ, ಕ, ಓತ್ವ, ಟ, ಎತ್ವ ಎಂದು ಚಿಹ್ನೆಗಳನ್ನೂ ಎಣಿಸುತ್ತದೆ. ಆದರೆ ಇದೇ ಹೆಸರು ಇನ್ನೊಂದು ಕಡತದಿಂದ ಬಂದಾಗ ಉದ್ದ ಹನ್ನೊಂದು ಇರಬಹುದು. ಯೂನಿಕೋಡ್ ಪ್ರಕಾರ ಏತ್ವವನ್ನು ಒಂದೇ ಸಂಕೇತವಾಗಿ 3271 ಎಂದೂ ಬರೆಯಬಹುದು, ಎತ್ವ ಮತ್ತು ದೀರ್ಘದ ಚಿಹ್ನೆ ಸೇರಿಸಿ 3270, 3285 ಎಂದೂ ಬರೆಯಬಹುದು. ಓತ್ವವಂತೂ 3275 ಎಂಬ ಒಂದೇ ಸಂಕೇತವೂ ಹೌದು; 3270, 3266, 3285 ಎಂಬ ಮೂರೂ ಹೌದು. ಬಿಡಿಬಿಡಿಯಾಗಿ ಬರೆದಾಗ ಮೇಲುಕೋಟೆಯಲ್ಲಿ ಏತ್ವ ಎರಡು, ಓತ್ವ ಮೂರು, ಒಟ್ಟು ಹನ್ನೊಂದು. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಎರಡೂ ಒಂದೇನಾ ಎಂದು ಪ್ರೋಗ್ರಾಮನ್ನು ಕೇಳಿದರೆ ಅಲ್ಲ ಎನ್ನುತ್ತದೆ. ಪಟ್ಟಿಯಲ್ಲಿ ಇರುವ ಊರು ಪಟ್ಟಿಯಲ್ಲಿ ಇಲ್ಲ ಎಂದು ವಾದಿಸುವ ಪ್ರೋಗ್ರಾಮಿನ ಮುಂದೆ ಕೂತವರಿಗೆ ಈ ಸಂಕಟ ಗೊತ್ತು. ಎಷ್ಟು ಹೊತ್ತು ದಿಟ್ಟಿಸಿದರೂ ತಪ್ಪು ಕಾಣುವುದಿಲ್ಲ, ಕಾಣುವ ಜಾಗದಲ್ಲಿ ಅದು ಇಲ್ಲ.

ಮದ್ದು ಯೂನಿಕೋಡ್‌ನಲ್ಲೇ ಇದೆ. ಎರಡೂ ರೂಪಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಕ್ರಿಯೆ ಪೈಥಾನ್ ಸೇರಿದಂತೆ ಬಹುತೇಕ ಭಾಷೆಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಒಂದು ಸಾಲಿನ ಕೆಲಸ. ಆ ಸಾಲನ್ನು ಮುಂದೊಬ್ಬರು 'ಇದು ಏನೂ ಮಾಡುತ್ತಿಲ್ಲವಲ್ಲ' ಎಂದು ಕಿತ್ತುಹಾಕುವ ಸಾಧ್ಯತೆ ಬಹಳ, ಏಕೆಂದರೆ ಅವರ ಕಂಪ್ಯೂಟರಿನಲ್ಲಿ ಅವರೇ ಟೈಪಿಸಿದ ಮೇಲುಕೋಟೆಗೆ ಅದು ನಿಜವಾಗಿಯೂ ಏನೂ ಮಾಡುವುದಿಲ್ಲ. ಹನ್ನೊಂದು ಸಂಕೇತದ ಮೇಲುಕೋಟೆಯನ್ನು ಕೊಟ್ಟರೆ ಎಂಟು ಸಂಕೇತದ್ದು ಬರಬೇಕು ಎಂಬ ಟೆಸ್ಟ್ ಇದ್ದರೆ ಆ ಸಾಲು ಉಳಿಯುತ್ತದೆ. ಅದನ್ನು ಬರೆಯುವಾಗ ಹೆಸರನ್ನು ನೇರ ಟೈಪಿಸದೆ ಸಂಕೇತ ಸಂಖ್ಯೆಗಳಿಂದಲೇ ಕಟ್ಟಬೇಕು. ಟೈಪಿಸಿದರೆ ಎಡಿಟರ್ ಯಾವ ರೂಪದಲ್ಲಿ ಉಳಿಸುತ್ತದೆ ಎಂಬ ಖಾತ್ರಿ ಇರುವುದಿಲ್ಲ. ಇನ್ನೊಂದು ಟೆಸ್ಟನ್ನೂ ಸೇರಿಸಿ: ಒಮ್ಮೆ ಶುದ್ಧಗೊಳಿಸಿದ್ದನ್ನು ಮತ್ತೊಮ್ಮೆ ಶುದ್ಧಗೊಳಿಸಿದರೆ ಏನೂ ಬದಲಾಗಬಾರದು. ಯಾವ ಊರಿನ ಹೆಸರಿಗೂ ಇದು ನಿಜವಾಗಬೇಕು, ಹಾಗಾಗಿ ಸಾವಿರ ಹೆಸರುಗಳ ಮೇಲೆ ಒಟ್ಟಿಗೇ ಓಡಿಸಬಹುದು.

ಇಷ್ಟೆಲ್ಲ ಟೆಸ್ಟ್ ಸಲೀಸಾಗಿ ಬರೆಯಲು ಆದದ್ದು 'ಸಪ್ತಮಿ' ಒಂದೇ ಕೆಲಸ ಮಾಡುತ್ತಿದ್ದದ್ದರಿಂದ. ಹೆಸರು ಒಳಗೆ ಹೋಗುತ್ತದೆ, ರೂಪ ಹೊರಗೆ ಬರುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಬರುವ ಭಕ್ತರಿಗೆ ಸೂಚನಾ ಪತ್ರ ಮುದ್ರಿಸುವ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಂದೇ ಫಂಕ್ಷನ್ ಡೇಟಾಬೇಸಿನಿಂದ ಭಕ್ತರ ಊರು ತಂದು, ಸಪ್ತಮಿ ಮಾಡಿ, ಇವತ್ತಿನ ದಿನಾಂಕ ನೋಡಿ ಉತ್ಸವಕ್ಕೆ ಎಷ್ಟು ದಿನ ಉಳಿದಿದೆ ಎಂದು ಎಣಿಸಿ, ಪ್ರಿಂಟರಿಗೆ ಕಳಿಸುತ್ತದೆ. ಇದನ್ನು ಟೆಸ್ಟ್ ಮಾಡಲು ಡೇಟಾಬೇಸ್ ಬೇಕು, ಪ್ರಿಂಟರ್ ಬೇಕು; ಮೇಲಾಗಿ ಫಾಲ್ಗುಣದಲ್ಲಿ ಪಾಸಾದ ಟೆಸ್ಟ್ ಚೈತ್ರದಲ್ಲಿ ಫೇಲಾಗುತ್ತದೆ, ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ದರೂ. ದಿನಾಂಕವನ್ನು ಒಳಗಿನಿಂದ ಕೇಳದೆ ಹೊರಗಿನಿಂದ ಕೊಡುವ ಹಾಗೆ ಮಾಡಿ, ತರುವುದು, ಎಣಿಸುವುದು, ಮುದ್ರಿಸುವುದನ್ನು ಬೇರೆ ಬೇರೆ ಮಾಡಿದರೆ ನಡುವಿನ ತುಂಡಿಗೆ ಡೇಟಾಬೇಸೂ ಬೇಡ, ಪ್ರಿಂಟರೂ ಬೇಡ. ಟೆಸ್ಟ್ ಬರೆಯಲು ಕಷ್ಟವಾಗುತ್ತಿದೆ ಎಂದರೆ ಸಾಮಾನ್ಯವಾಗಿ ದೋಷ ಇರುವುದು ಟೆಸ್ಟಿನಲ್ಲಲ್ಲ, ಕೋಡಿನ ಕಟ್ಟಡದಲ್ಲಿ. ಸ್ವಚ್ಛ ಕೋಡ್ ಮತ್ತು ಯೂನಿಟ್ ಟೆಸ್ಟ್ ಎರಡನ್ನೂ ಒಟ್ಟಿಗೇ ಕಲಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಟೆಸ್ಟುಗಳನ್ನು ಓಡಿಸುವ ಸಾಧನಗಳಿಗೆ ಈಗ ಬರವಿಲ್ಲ. ಕೆಂಟ್ ಬೆಕ್ ಮೊದಲು ಸ್ಮಾಲ್‌ಟಾಕ್ ಭಾಷೆಗೆ ಒಂದನ್ನು ಬರೆದಿದ್ದರು. 1997ರಲ್ಲಿ ಅವರೂ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಕೂತು ಜಾವಾ ಭಾಷೆಗೆ ಜೆಯೂನಿಟ್ ಬರೆದರು. ಆಮೇಲೆ ಬಂದ ಹತ್ತಾರು ಸಾಧನಗಳು ಅದರದೇ ಸಂತತಿ. ಪೈಥಾನ್ ಕಲಿಯುವವರಿಗೆ ಪೈಟೆಸ್ಟ್ ಸಾಕು: 'ಟೆಸ್ಟ್' ಎಂಬ ಪದದಿಂದ ಶುರುವಾಗುವ ಹೆಸರಿನ ಕಡತದಲ್ಲಿ, ಅದೇ ಪದದಿಂದ ಶುರುವಾಗುವ ಫಂಕ್ಷನ್ನುಗಳಲ್ಲಿ, ಇದು ಅದಕ್ಕೆ ಸಮ ಎಂದು ಒಂದು ಸಾಲು ಬರೆದರೆ ಅದೇ ಹುಡುಕಿಕೊಂಡು ಓಡಿಸುತ್ತದೆ.

ಹಳೆಯ, ಯಾರೋ ಬರೆದು ಬಿಟ್ಟುಹೋದ ಕೋಡ್ ಕೈಗೆ ಬಂದವರಿಗೆ ಬೇರೆ ದಾರಿ. ಅದು ಏನು ಮಾಡಬೇಕು ಎಂದು ಯಾರಿಗೂ ಗೊತ್ತಿರುವುದಿಲ್ಲ, ಏನು ಮಾಡುತ್ತಿದೆ ಎಂಬುದನ್ನು ಮಾತ್ರ ನೋಡಬಹುದು. ಮೈಕಲ್ ಫೆದರ್ಸ್ 2004ರಲ್ಲಿ ಇಂಥ ಕೋಡಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಅವರ ಸಲಹೆ: ಮುಟ್ಟುವ ಮೊದಲು, ಈಗ ಅದು ಕೊಡುತ್ತಿರುವ ಉತ್ತರಗಳನ್ನೇ ಟೆಸ್ಟುಗಳಾಗಿ ಬರೆದುಕೊಳ್ಳಿ, ಅವು ತಪ್ಪಾಗಿ ಕಂಡರೂ. ಆಮೇಲೆ ಒಂದೊಂದೇ ಹೆಸರು ಬದಲಿಸಿ, ಒಂದೊಂದೇ ತುಂಡು ಬಿಡಿಸಿ, ಪ್ರತಿ ಹೆಜ್ಜೆಗೂ ಟೆಸ್ಟ್ ಓಡಿಸಿ. ನಮ್ಮ 'ಎಫ್' 'ಸಪ್ತಮಿ' ಆಗಬೇಕಾದದ್ದು ಹೀಗೆ, ಒಂದೇ ರಾತ್ರಿಯಲ್ಲಿ ಪೂರ್ತಿ ತಿರುಗಿಸಿ ಬರೆದಲ್ಲ.

ಟೆಸ್ಟುಗಳೆಲ್ಲ ಪಾಸಾದವು ಎಂದರೆ ಪ್ರೋಗ್ರಾಂ ಸರಿಯಿದೆ ಎಂದು ಸಿದ್ಧವಾಗುವುದಿಲ್ಲ. ಟೆಸ್ಟುಗಳಿಂದ ತಪ್ಪು ಇದೆ ಎಂದು ತೋರಿಸಬಹುದು, ಇಲ್ಲ ಎಂದು ತೋರಿಸಲಾಗದು ಎಂಬುದನ್ನು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಹೇಳಿದ್ದಾರೆ. ನಮ್ಮ ಫಂಕ್ಷನ್ನಿಗೆ ಇನ್ನೂ 'ಲಂಡನ್' ಕೊಟ್ಟಿಲ್ಲ. ಕೊಟ್ಟರೆ 'ಲಂಡನ್ದಲ್ಲಿ' ಎಂದು ನಕಾರಕ್ಕೆ ದಕಾರದ ಒತ್ತು ಕೊಟ್ಟುಬಿಡುತ್ತದೆ. 'ಲಂಡನ್‌ನಲ್ಲಿ' ಬೇಕೆಂದರೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸಬೇಕು, ಅದಕ್ಕೊಂದು ಷರತ್ತು, ಆ ಷರತ್ತಿಗೊಂದು ಟೆಸ್ಟ್.

ಟೆಸ್ಟುಗಳ ಗುಣ ಬರೆಯುವವರ ಕನ್ನಡ ಜ್ಞಾನವನ್ನು ಮೀರಲಾರದು. ಸಪ್ತಮಿಯ ಟೆಸ್ಟುಗಳೋ, ಎರಡು ಕಾಲಮ್ಮಿನ ಪಟ್ಟಿ: ಎಡಕ್ಕೆ ಊರು, ಬಲಕ್ಕೆ ಬರಬೇಕಾದ ರೂಪ. ಇದನ್ನು ಬರೆಯಲು ಪೈಥಾನ್ ಬೇಕಿಲ್ಲ. ಮೂರನೆಯ ಕಾಲಮ್ಮಿನಲ್ಲಿ, ಈ ಸಾಲು ಏಕೆ ಬೇಕು, ಇದಿಲ್ಲದಿದ್ದರೆ ಯಾವ ನಿಯಮ ಕೆಟ್ಟದ್ದು ಗೊತ್ತಾಗುವುದಿಲ್ಲ ಎಂದು ಒಂದು ಮಾತು ಬರೆಯಬಲ್ಲವರು ಬೇಕು. ಅದನ್ನು ಕಾಶಿಕೆ ಓದಿದ ವಿದ್ವಾಂಸರಷ್ಟು ಚೆನ್ನಾಗಿ ಮಾಡಬಲ್ಲವರು ಕಡಿಮೆ. ಕನ್ನಡದ ಪ್ರತಿ ತಂತ್ರಾಂಶ ತಂಡವೂ ಜಮ್ಮುವನ್ನೂ ಸೊನ್ನೆಯನ್ನೂ ಮೊದಲಿನಿಂದ ತಾನೇ ಕಂಡುಹಿಡಿಯುತ್ತಾ ಕೂರಬೇಕಿಲ್ಲ. ಅಂಥ ಪಟ್ಟಿ ಒಂದೇ ಇರಲಿ, ಎಲ್ಲರಿಗೂ ತೆರೆದಿರಲಿ. ಹೊಸ ಬಗ್ ಸಿಕ್ಕವರು ಅದಕ್ಕೊಂದು ಸಾಲು ಸೇರಿಸಲಿ. ಕೆಲಸ ಶುರುಮಾಡಲು ಮಂಡ್ಯ ಜಿಲ್ಲೆಯ ಊರುಗಳೇ ಸಾಕು.